ಕಚ್ಚಿದ ನಾಯಿಯನ್ನು ಕೊಲ್ಲಬೇಡಿ

ಹುಚ್ಚುನಾಯಿ ಕಚ್ಚಿದವನು ನೀರು ಕಂಡು ಕಿರುಚತೊಡಗಿದರೆ ಫ್ರಾನ್ಸಿನ ನಮ್ಮ ಬ್ರೆಸ್ ಸೀಮೆಯಲ್ಲಿ ಆಗೆಲ್ಲ ಅವನನ್ನು ಎರಡು ಹಾಸಿಗೆಗಳ ನಡುವೆ ಮಲಗಿಸಿ, ಮೇಲೆ ನಾಲ್ಕು ಜನ ಬಿದ್ದು ಉಸಿರು ಕಟ್ಟಿಸುತ್ತಿದ್ದರು. ಅದನ್ನು ಕೊಲೆ ಎಂದು ಯಾರೂ ಕರೆಯುತ್ತಿರಲಿಲ್ಲ. ಹೆಂಡತಿಯೋ ತಾಯಿಯೋ ಹೂಂ ಅನ್ನಬೇಕು, ಅಷ್ಟೇ. ನನ್ನಪ್ಪನೂ ಒಮ್ಮೆ ಹಾಗೆ ಮೇಲೆ ಬಿದ್ದು ಬಂದು, ಕೈ ತೊಳೆದು ಊಟಕ್ಕೆ ಕೂತಿದ್ದ.

ಪಶುವೈದ್ಯ ಆನ್ಸೆಲ್ಮ್ ಫೊರ್ಕಾದ್ ನಮ್ಮ ಕಡೆ ಬಂದಾಗಲೆಲ್ಲ ನನ್ನ ಖಾನಾವಳಿಯಲ್ಲೇ ಇಳಿಯುತ್ತಿದ್ದ. ಲಿಯೋನ್ ನಗರದಲ್ಲಿ ಪಾಠ ಹೇಳುವ ದೊಡ್ಡ ಮನುಷ್ಯನಾದರೂ ಮೂಲತಃ ಉಳುವವನ ಮಗ. ಕುದುರೆ ಕಡಿದು ಹರಿದ ಕಿವಿ, ಸಾರಿಗೆ ರೊಟ್ಟಿ ಅದ್ದಿ ಸೊರಸೊರ ತಿನ್ನುವ ಬಾಯಿ. ಆ ಬಾಯಿಯೇ ನಮಗೆಲ್ಲ ಭಯ ಹುಟ್ಟಿಸುತ್ತಿತ್ತು. ಹುಚ್ಚುನಾಯಿಯ ದವಡೆಯನ್ನು ಹಗ್ಗದಿಂದ ಅಗಲಿಸಿ, ಗಾಜಿನ ಕೊಳವೆಯ ಒಂದು ತುದಿಯನ್ನು ತನ್ನ ತುಟಿಗಿಟ್ಟು ಅದರ ಜೊಲ್ಲು ಹೀರುತ್ತಿದ್ದ. ಅದನ್ನು ಮೊಲಗಳಿಗೆ ಚುಚ್ಚಿ, ರೋಗ ಹೇಗೆ ದಾಟುತ್ತದೆ ಎಂದು ನೋಡುತ್ತಿದ್ದನಂತೆ. ಹೋದಲ್ಲೆಲ್ಲ ಒಂದೇ ಮಾತು ಹೇಳುತ್ತಿದ್ದ: ಕಚ್ಚಿದ ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ, ಹುಚ್ಚಿದ್ದರೆ ಎರಡು ವಾರದೊಳಗೆ ತಾನೇ ಸಾಯುತ್ತದೆ, ಬದುಕಿದರೆ ಕಚ್ಚಿಸಿಕೊಂಡವನೂ ಬದುಕಿದ. ಕಚ್ಚಿದ್ದಕ್ಕೆ ಬಾಡೂಟವನ್ನೂ ಹಾಕೋಣವೇ ಎಂದು ನಮ್ಮ ಕಮ್ಮಾರ ಕೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಹುಲ್ಲು ಕೊಯ್ಲಿನ ಕಾಲದ ಒಂದು ಸಂತೆಯಲ್ಲಿ ಗಾಡಿಯವನೊಬ್ಬನ ನಾಯಿ ಗ್ರಾತಿಯಾಂನ ಮುಂಗೈಯನ್ನು ಮೂಳೆ ಕಾಣುವಂತೆ ಸೀಳಿತು. ಗ್ರಾತಿಯಾಂ ಮರದ ಪಾದರಕ್ಷೆ ಕೆತ್ತುವವನು, ಇರುವೆ ತುಳಿದರೂ ಬೇಸರಪಡುವ ಆಸಾಮಿ. ವಿಷ ಸುಡಲೆಂದು ಕಮ್ಮಾರ ಕೆಂಪಗೆ ಕಾದ ಸಲಾಕೆಯನ್ನು ಗಾಯದೊಳಕ್ಕೆ ಇಳಿಸಿ ತಿರುವಿದ. ಸುಟ್ಟ ಮಾಂಸದ ವಾಸನೆಗೆ ತರಕಾರಿ ಮಾರುವವರು ಮೂಗು ಮುಚ್ಚಿಕೊಂಡರು. ಅಷ್ಟರಲ್ಲಿ ಫೊರ್ಕಾದ್ ನಾಯಿಯ ಮೇಲೆ ಗೋಣಿ ಎಸೆದು ಹಿಡಿದು, ನನ್ನ ಹಂದಿಗೂಡಿನಲ್ಲಿ ಸರಪಳಿ ಬಿಗಿದ.

ನಾಯಿ ತಿಂದಿತು, ಕುಡಿಯಿತು. ಗ್ರಾತಿಯಾಂ ಕುಡಿಯಲಿಲ್ಲ. ವಾರವೂ ಕಳೆದಿರಲಿಲ್ಲ, ನೀರಿನ ಲೋಟ ಕಂಡರೆ ಗಂಟಲು ಹಿಡಿದುಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ತಡೆಯಲು ಹೋದ ಹೆಂಡತಿ ಫಿಲೊಮೆನ್‌ಳ ಭುಜವನ್ನು ರಕ್ತ ಬರುವಂತೆ ಕಚ್ಚಿದ. ಫೊರ್ಕಾದ್ ನೋಡಿ ಬಂದು, ಈ ರೋಗ ಇಷ್ಟು ಬೇಗ ತಲೆಗೇರುವುದಿಲ್ಲ, ಇದು ಬರೀ ಹೆದರಿಕೆ, ಹೆದರಿಕೆಯೂ ಗಂಟಲು ಕಟ್ಟುತ್ತದೆ ಎಂದ. ಎರಡು ವಾರದ ಗಡುವು ಮುಗಿದ ದಿನ ನಾಯಿಯನ್ನು ಜೀವಂತವಾಗಿ ಅವನೆದುರು ನಿಲ್ಲಿಸಿದರೆ ನೀರು ತಾನಾಗಿ ಇಳಿಯುತ್ತದೆ ಎಂದೂ ಹೇಳಿದ.

ಗ್ರಾತಿಯಾಂನ ತಮ್ಮ ಒನೊರಾ ಅಷ್ಟು ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಕೊಡಲಿ, ಹುಲ್ಲೆತ್ತುವ ಕಬ್ಬಿಣದ ಕವೆಗೋಲು ಹಿಡಿದವರ ಗುಂಪು ಕಟ್ಟಿಕೊಂಡು ನನ್ನ ಅಂಗಳಕ್ಕೆ ನುಗ್ಗಿದ. ಫೊರ್ಕಾದ್ ಹಂದಿಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಪಕ್ಕಕ್ಕೆ ಬನ್ನಿ ಡಾಕ್ಟ್ರೇ. ನಾಯಿಗೋಸ್ಕರ ಯಾಕೆ ಒದೆ ತಿಂತೀರಾ?" ಎಂದ ಒನೊರಾ.

"ನಾಯಿಗಲ್ಲ ಕಣೋ, ನಿನ್ನಣ್ಣಂಗೋಸ್ಕರ. ಇದು ಸತ್ರೆ ಅವನಿಗೆ ಏನೂ ಆಗಿಲ್ಲ ಅಂತ ತೋರ್ಸೋಕೆ ನನ್ನ ಹತ್ರ ಏನೂ ಉಳಿಯಲ್ಲ."

ಒನೊರಾನ ಕವೆಗೋಲು ಫೊರ್ಕಾದ್‌ನ ತೊಡೆಗೆ ಇಳಿಯಿತು. ಬಿದ್ದವನ ಪಕ್ಕೆಗೆ ಮರದ ಪಾದರಕ್ಷೆಗಳಿಂದ ಒದ್ದರು. ನಾಯಿಯನ್ನು ಸರಪಳಿಯಲ್ಲಿದ್ದಂತೆಯೇ ಕೊಚ್ಚಿದರು; ಅದರ ಕೂಗು ನಿಂತ ಮೇಲೂ ಕೊಡಲಿ ಏಳುತ್ತಾ ಬೀಳುತ್ತಾ ಇತ್ತು. ಅಲ್ಲಿಂದ ನೇರ ಗ್ರಾತಿಯಾಂನ ಮನೆಗೆ ಹೊರಟರು.

ಫೊರ್ಕಾದ್ ತೆವಳಿಕೊಂಡು ಹೋಗಿ ಸತ್ತ ನಾಯಿಯ ಬಾಯೊಳಗಿನ ಜೊಲ್ಲನ್ನು ಅಂಗೈಗೆ ಬಾಚಿಕೊಂಡ. ನನ್ನ ಭುಜದ ಮೇಲೆ ಭಾರ ಬಿಟ್ಟು, ಕುಂಟುತ್ತಾ ಅವರ ಹಿಂದೆಯೇ ಬಂದ. ಗ್ರಾತಿಯಾಂನ ಮನೆಯೊಳಗೆ ಎಲ್ಲರೆದುರು ಆ ಜೊಲ್ಲನ್ನು ತನ್ನ ತೊಡೆಯ ತೂತಿನೊಳಕ್ಕೆ ಉಜ್ಜಿದ.

"ಅವನಿಗೆ ರೋಗ ಇದ್ರೆ ಈಗ ನಂಗೂ ಬಂತು. ನನ್ನನ್ನ ನೋಡ್ತಾ ಇರಿ. ಅವನನ್ನ ಬಿಡಿ."

ಕೈಕಾಲು ಕಟ್ಟಿಸಿಕೊಂಡ ಗ್ರಾತಿಯಾಂ ಹಾಸಿಗೆಯ ಮೇಲೆ ನೊರೆ ಉಗುಳುತ್ತಾ ಹೊರಳುತ್ತಿದ್ದ. ಫಿಲೊಮೆನ್ ಎದ್ದು ಫೊರ್ಕಾದ್‌ನ ಹತ್ತಿರ ಬಂದಳು.

"ನಿಮಗೆ ಪೂರ್ತಿ ಖಾತ್ರಿನಾ?"

ಅವನ ತುಟಿ ತೆರೆದು ಮುಚ್ಚಿದ್ದನ್ನು ನಾನು ಪಕ್ಕದಿಂದ ಕಂಡೆ. ಹೌದು ಎಂಬ ಮಾತು ಅಲ್ಲಿಯವರೆಗೂ ಬಂದಿತ್ತು.

"ಪೂರ್ತಿ ಅಂದ್ರೆ ಇಲ್ಲಮ್ಮ. ನಾಯಿ ಇನ್ನೊಂದು ವಾರ ಬದುಕಿದ್ದಿದ್ರೆ ಹೇಳ್ತಿದ್ದೆ. ಬಹುಮಟ್ಟಿಗೆ ಖಾತ್ರಿ."

ಅಷ್ಟರಲ್ಲಿ ಗ್ರಾತಿಯಾಂ ಮತ್ತೆ ಕಿರುಚಿದ. "ಹೂಂ ಅಂದುಬಿಡು ಅತ್ತಿಗೆ, ನೋಡೋಕಾಗಲ್ಲ," ಎಂದ ಒನೊರಾ. ಅವಳು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯನ್ನೆತ್ತಿ ಮುಖ ಮುಚ್ಚಿಕೊಂಡು ಹೂಂ ಎಂದಳು.

ಮೆಕ್ಕೆಜೋಳದ ಸಿಪ್ಪೆ ತುಂಬಿದ ಇನ್ನೊಂದು ಹಾಸಿಗೆಯನ್ನು ಅವನ ಮೇಲೆ ಹಾಕಿದರು. ನಾಲ್ವರು ಬಿದ್ದರು, ತಲೆಯ ಭಾಗಕ್ಕೆ ಒನೊರಾ. ಫೊರ್ಕಾದ್‌ನನ್ನು ಇಬ್ಬರು ಗೋಡೆಗೊತ್ತಿ ಹಿಡಿದಿದ್ದರು. ಅವನು ಒಬ್ಬನ ಹಲ್ಲು ಮುರಿದ, ಆದರೂ ಬಿಡಿಸಿಕೊಳ್ಳಲಾಗಲಿಲ್ಲ. ಸಿಪ್ಪೆಯ ಸರಸರ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆಮೇಲೂ ಫೊರ್ಕಾದ್ ಪ್ರತಿ ಸಂತೆಗೂ ಬಂದ, ಮೊದಮೊದಲು ಊರುಗೋಲಿನಲ್ಲಿ. ಅವನಿಗೆ ಯಾವಾಗ ಹುಚ್ಚು ಹಿಡಿಯುತ್ತದೆ ಎಂದು ಊರು ಕಾಯುತ್ತಿತ್ತು. ಫಿಲೊಮೆನ್ ನನ್ನ ಖಾನಾವಳಿಗೆ ಬಂದು ಅವನೆದುರು ಒಂದು ಲೋಟ ನೀರು ಇಡುತ್ತಿದ್ದಳು. ಅವನು ಕುಡಿಯುತ್ತಿದ್ದ, ಅವಳು ಹೋಗುತ್ತಿದ್ದಳು. ಮೆಕ್ಕೆಜೋಳ ಸುಲಿಯುವ ಹೊತ್ತಿಗೆ ಒನೊರಾ ಯಾರಿಗೂ ಹೇಳದೆ ಊರು ಬಿಟ್ಟ. ಹಿಮ ಬಿದ್ದು ಕರಗಿ ಹುಲ್ಲು ಕೊಯ್ಲು ಮತ್ತೆ ಬಂತು. ಆ ಸಂತೆಯ ದಿನ ಲೋಟ ಇಟ್ಟವಳು ಹೋಗಲಿಲ್ಲ.

"ಇವತ್ತಾದ್ರೂ ನೀರು ಇಳೀಲಿಲ್ಲ ಅನ್ನಿ. ಗಂಟಲು ಹಿಡೀತು ಅಂತ ಒಂದ್ಸಲ ಅನ್ನಿ, ಸಾಕು. ನನ್ನ ಗಂಡಂಗೆ ರೋಗ ಇದ್ದದ್ದೇ ನಿಜ ಅಂದ್ಕೊಂಡು ನಾನು ಮಲಗಿ ನಿದ್ದೆ ಮಾಡ್ತೀನಿ."

"ನಂಗೆ ಸುಳ್ಳು ಹೇಳೋಕೆ ಬರಲ್ಲ ಫಿಲೊಮೆನ್."

"ಅವತ್ತು ಹೇಳೋಕೆ ಬರಬೇಕಿತ್ತು."

ಅವನು ಲೋಟ ಎತ್ತಿದ. ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು, ಕೊನೆಯ ಗುಟುಕಿನವರೆಗೂ, ಅವಳು ರೆಪ್ಪೆ ಹೊಡೆಯದೆ ನೋಡಿದಳು.