ಪೆಟ್ರೋಲ್, ಕರೆಂಟ್, ಗಾಳಿ

ಸರ್ವೋತ್ತಮನ ಮನೆಯಲ್ಲಿ ಗ್ರೀಸ್ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಠಾಣೆಯ ನೌಪಾಡಾದ ಆ ಎರಡು ಕೋಣೆಯ ಮನೆಯಲ್ಲಿ ಮಂಚದ ಕೆಳಗೊಂದು ಬಿಸ್ಕತ್ತಿನ ಡಬ್ಬ. ಅದರೊಳಗೆ ನಟ್ಟು ತಿರುಗಿಸುವ ಪಾನಾಗಳು, ಸ್ಕ್ರೂಡ್ರೈವರ್, ಸ್ಪಾರ್ಕ್ ಪ್ಲಗ್ ಬಿಚ್ಚುವ ಕೊಳವೆ, ಮರಳುಕಾಗದ, ಹಲ್ಲುಜ್ಜಿ ಸವೆದ ಬ್ರಷ್ಷುಗಳು. ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರ್. ಸಾಮಾನಿನ ಹೆಸರು ಮತ್ತು ಅದು ಇರುವ ಜಾಗ ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದಂತೆ ಎಂದು ನಂಬಿದವನು. 2006ರಲ್ಲಿ ಹದಿಮೂರು ವರ್ಷ ಹಳೆಯ ಕೆಂಪು ಕಾರೊಂದನ್ನು ಕೊಂಡ. ಅದನ್ನು ಒಮ್ಮೆಯೂ ಗ್ಯಾರೇಜಿನ ಮಿಸ್ತ್ರಿಯ ಕೈಗೆ ಕೊಟ್ಟಿರಲಿಲ್ಲ. ಹಳೆಯ ಡೈರಿಯೊಂದರ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದ: ಗಾಡಿ ನಿಂತರೆ ಮೊದಲು ಪೆಟ್ರೋಲ್ ನೋಡು, ಆಮೇಲೆ ಕರೆಂಟ್, ಆಮೇಲೆ ಗಾಳಿ. ಕ್ರಮ ತಪ್ಪಬೇಡ.

2007ರ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಆಕ್ಸಿಲರೇಟರ್ ಕೇಬಲ್ ಬಿಚ್ಚಿದ. ಒಳಗಿನ ತಂತಿ ಒಣಗಿ ಪೆಡಲ್ ಬಿಗಿಯಾಗಿತ್ತು. ಕೇಬಲನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಚೀಲದ ಆಲಿಕೆ ಕಟ್ಟಿದ. ಗ್ರೀಸ್ ಇಲ್ಲ, ಗ್ರೀಸಿನ ಅಂಗಡಿಗೆ ರಜೆ. ಅಡುಗೆಮನೆಯಲ್ಲಿ ಉಡುಪಿಯಿಂದ ಬಂದ ಗಾಣದ ತೆಂಗಿನೆಣ್ಣೆಯ ಡಬ್ಬ ಇತ್ತು. ಅವನ ಊರಲ್ಲಿ ಬಾಗಿಲ ತಿರುಗಣಿಗೂ ಹೊಲಿಗೆ ಯಂತ್ರಕ್ಕೂ ಸೈಕಲ್ ಚೈನಿಗೂ ಹಿಮ್ಮಡಿಯ ಒಡಕಿಗೂ ಅದೇ ಎಣ್ಣೆ. ಎರಡು ಚಮಚ ಹೊಯ್ದ. ಎಣ್ಣೆ ಕೆಳತುದಿಯಿಂದ ತೊಟ್ಟಿಕ್ಕುವವರೆಗೆ ಕಾದ. ಕೇಬಲ್ ಜೋಡಿಸಿ ಪೆಡಲ್ ಒತ್ತಿದರೆ ಬೆಣ್ಣೆ.

"ನೋಡು," ಅಂದ ಹೆಂಡತಿ ಜಯಲತಾಳಿಗೆ. "ಮಿಸ್ತ್ರಿ ಆದ್ರೆ ಕೇಬಲೇ ಬದಲಿಸ್ತಿದ್ದ."

"ನನ್ನ ಎಣ್ಣೆ ಡಬ್ಬದ ಮುಚ್ಚಳ ಎಲ್ಲಿ ಇಟ್ಟಿರಿ? ಅದು ಹೇಳಿ ಮೊದಲು," ಅಂದಳು ಅವಳು.

ಅದೇ ವಾರ ಮಗಳು ಸೌಜನ್ಯ ಠಾಣೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಬಲಗಾಲಿಗೆ ತೊಡೆಯಿಂದ ಹಿಮ್ಮಡಿಯ ತನಕ ಪ್ಲಾಸ್ಟರ್. ಜನವರಿಯ ಮೂರನೇ ಭಾನುವಾರ ಅವಳಿಗೆ ಬ್ಯಾಂಕಿನ ಕ್ಲರ್ಕ್ ಪರೀಕ್ಷೆ. ಸೆಂಟರ್ ವಾಶಿಯ ಒಂದು ಶಾಲೆ. ಒಂಬತ್ತೂವರೆಗೆ ಗೇಟು ಮುಚ್ಚುತ್ತಾರೆ ಎಂದು ಹಾಲ್ ಟಿಕೆಟ್ಟಿನ ಮೇಲೆ ಮೂರು ಭಾಷೆಯಲ್ಲಿ ಅಚ್ಚಾಗಿತ್ತು. ಹಿಂದೆ ಮೂರು ಸಲ ಬರೆದಿದ್ದಳು. ಕಳೆದ ಸಲ ನಾಲ್ಕು ಅಂಕದಲ್ಲಿ ಹೋಗಿತ್ತು. ಮಾರ್ಚಿಗೆ ಅವಳಿಗೆ ಇಪ್ಪತ್ತೆಂಟು ತುಂಬುತ್ತದೆ. ಆಮೇಲೆ ಅರ್ಜಿ ಹಾಕುವ ಹಾಗಿಲ್ಲ.

ಪ್ಲಾಸ್ಟರ್ ಕಾಲಲ್ಲಿ ಲೋಕಲ್ ಹತ್ತುವುದು ಸಾಧ್ಯವಿರಲಿಲ್ಲ. "ಕಾರಿದೆಯಲ್ಲ," ಅಂದ ಸರ್ವೋತ್ತಮ.

ಜನವರಿಯಲ್ಲಿ ಚಳಿ ಬಿತ್ತು. ಬೆಳಿಗ್ಗೆ ಸೌಜನ್ಯಳ ತಲೆಗೆ ಹಚ್ಚಲು ಜಯಲತಾ ಎಣ್ಣೆಯ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸತೊಡಗಿದಳು. ಬಿಳಿ ಎಣ್ಣೆ ಅಂಚಿನಿಂದ ನಿಧಾನ ಕರಗುತ್ತಿತ್ತು. ಅದರ ಪಕ್ಕದಲ್ಲೇ ಕೂತು ಸರ್ವೋತ್ತಮ ಚಹಾ ಕುಡಿಯುತ್ತಿದ್ದ.

ಪರೀಕ್ಷೆಗೆ ಮೂರು ದಿನ ಇರುವಾಗಿನಿಂದ ಅವನು ದಿನಾ ಬೆಳಿಗ್ಗೆ ಆರೂವರೆಗೆ ಕೆಳಗಿಳಿದು ಗಾಡಿ ಸ್ಟಾರ್ಟ್ ಮಾಡಿ ನೋಡಿದ. ಸ್ಟಾರ್ಟ್ ಆದ ಕೂಡಲೇ ಎಂಜಿನ್ ಕಿರುಚುತ್ತಿತ್ತು. ಪೆಡಲಿನಿಂದ ಕಾಲು ತೆಗೆದರೂ ಕಿರುಚಾಟ ಇಳಿಯುತ್ತಿರಲಿಲ್ಲ. ಮೊದಲ ದಿನ, ಕಾಲು ತೆಗೆದಾಗಲೂ ಎಂಜಿನ್ ನಿಲ್ಲದಂತೆ ಹಿಡಿಯುವ ಕಾರ್ಬ್ಯುರೇಟರಿನ ಐಡ್ಲಿಂಗ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದ. ಸದ್ದು ತಗ್ಗಿತು. ಮೂರು ನಿಮಿಷ ಓಡಿಸಿ ಬಂದ್ ಮಾಡಿ ಕೆಲಸಕ್ಕೆ ಹೋದ. ಮಾರನೇ ದಿನ ಮತ್ತೆ ಅದೇ. ಮತ್ತರ್ಧ ಸುತ್ತು.

ಶನಿವಾರ ಬೆಳಿಗ್ಗೆ ಕೆಳಮಹಡಿಯ ವಿರುಪಾಕ್ಷಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದರು. ವಿಜಯಾಪುರದ ಕಡೆಯವರು, ಬಟ್ಟೆ ವ್ಯಾಪಾರ.

"ಏನ್ರೀ ಸರ್ವೋತ್ತಮ್ ಅವರ, ನಮ್ಮನ್ನ ಎಬ್ಬಸೂ ಕೆಲಸ ನಿಮ್ಮ ಗಾಡೀಗೆ ಯಾರ ಕೊಟ್ರು?"

"ಐಡ್ಲಿಂಗ್ ಸ್ವಲ್ಪ ಜಾಸ್ತಿ ಮಾರಾಯ್ರೆ. ಅರ್ಧ ಸುತ್ತು ತಿರುಗಿಸಿದ್ರೆ ಆಯ್ತು."

"ನಿನ್ನೇನೂ ಅರ್ಧ ಸುತ್ತು ಅಂದ್ರಿ, ಮೊನ್ನೇನೂ ಅರ್ಧ ಸುತ್ತು ಅಂದ್ರಿ. ನಾಳೆ ಹುಡುಗಿ ಪರೀಕ್ಷಾ ಐತಿ. ಮಿಸ್ತ್ರಿಗೆ ಒಂದ ಸಲ ತೋರಸ್ರಿ."

"ಮಿಸ್ತ್ರಿಗಳು ಏನು ಮಾಡ್ತಾರೆ ಗೊತ್ತುಂಟಾ? ಇದ್ದದ್ದನ್ನು ಬಿಚ್ಚಿ ಇಲ್ಲದ್ದನ್ನು ಹಾಕ್ತಾರೆ."

"ಹಂಗಾರ ನೀವ ಏನ್ ಮಾಡಾಕತ್ತೀರಿ?" ಎಂದು ಉಗುಳಿ ಅವರು ಒಳಗೆ ಹೋದರು.

ಸರ್ವೋತ್ತಮ ಮೂರನೇ ಅರ್ಧ ಸುತ್ತು ತಿರುಗಿಸಿದ. ಸದ್ದು ಹದಕ್ಕೆ ಬಂತು. ಎಂಜಿನ್ ಬಿಸಿಯಾಗುವ ಮೊದಲೇ ಬಂದ್ ಮಾಡಿದ. ಪೆಟ್ರೋಲ್ ಉಳಿಸುವುದು ಅವನ ಅಭ್ಯಾಸ.

ಭಾನುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಜಯಲತಾ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದಳು.

"ಭುಜಂಗ ಇನ್ನೂ ಬರಲಿಲ್ಲ. ಏಳೂವರೆಗೆ ಬರ್ತೇನೆ ಹೇಳಿದ್ದ."

ಭುಜಂಗ ಮೂಲೆಯ ಸ್ಟ್ಯಾಂಡಿನ ರಿಕ್ಷಾದವನು. ಗಂಡನಿಗೆ ಹೇಳದೆ ಅವಳೇ ಅವನನ್ನು ಗೊತ್ತುಮಾಡಿದ್ದಳು.

"ನಿನ್ನೆ ಸಂಜೆ ಸಿಕ್ಕಿದ. ಬೇಡ ಅಂದೆ," ಅಂದ ಸರ್ವೋತ್ತಮ.

"ಬೇಡ ಅಂದಿರಾ?"

"ಕೆಳಗೆ ಕಾರು ಇಟ್ಕೊಂಡು ರಿಕ್ಷಾದಲ್ಲಿ ಹೋಗುದಾ? ಕಾಲು ಎಲ್ಲಿ ಚಾಚ್ತಾಳೆ ಅವಳು?"

ಜಯಲತಾ ಹಾಲ್ ಟಿಕೆಟ್, ಎರಡು ಪೆನ್ನು, ನೀರಿನ ಬಾಟಲಿಯನ್ನು ಇನ್ನೊಮ್ಮೆ ಎಣಿಸಿದಳು. ಸೌಜನ್ಯಳನ್ನು ಇಬ್ಬರೂ ಸೇರಿ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಹಿಂದಿನ ಸೀಟಿನಲ್ಲಿ ಅಡ್ಡ ಕೂರಿಸಿ ಪ್ಲಾಸ್ಟರಿನ ಕೆಳಗೆ ದಿಂಬಿಟ್ಟರು. ಅಷ್ಟಕ್ಕೇ ಹತ್ತು ನಿಮಿಷ ಹಿಡಿಯಿತು. ಎಂಟಕ್ಕೆ ಸರಿಯಾಗಿ ಗಾಡಿ ಹೊರಟಿತು. ಸದ್ದು ಹದವಾಗಿತ್ತು.

ಕಳ್ವಾ ನಾಕಾದ ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದಾಗ ಎಂಜಿನ್ ಎರಡು ಸಲ ನಡುಗಿ ನಿಂತುಬಿಟ್ಟಿತು.

"ಕ್ಯಾ ಹುವಾ, ಪಪ್ಪಾ?" ಏನಾಯಿತೆಂದು ಹಿಂದಿನಿಂದ ಸೌಜನ್ಯ ಕೇಳಿದಳು.

"ಏನಿಲ್ಲ. ಚಳಿ."

ಬೀಗದಕೈ ತಿರುಗಿಸಿದ, ಸ್ಟಾರ್ಟ್ ಆಯಿತು. ವಿಟಾವಾದಲ್ಲಿ ರೈಲ್ವೆ ಸೇತುವೆಯ ಕೆಳಗೆ ಮತ್ತೆ ನಿಂತಿತು. ಹಿಂದೆ ಲಾರಿಯವನು ಹಾರ್ನ್ ಬಿಡದೆ ಒತ್ತಿದ. ದಿಘಾದಲ್ಲಿ ನಿಂತಿತು. ಪ್ರತಿಸಲ ನಿಂತಾಗಲೂ ಸ್ಟಾರ್ಟರ್ ಇನ್ನಷ್ಟು ನಿಧಾನ ತಿರುಗುತ್ತಿತ್ತು. ಜಯಲತಾ ವಾಚ್ ನೋಡುವುದು, ಸೆರಗಿನಿಂದ ಅದನ್ನು ಮುಚ್ಚುವುದು, ಮತ್ತೆ ನೋಡುವುದು. ಎಂಟು ಮೂವತ್ತಾರಕ್ಕೆ ಏರೋಳಿ ಸಿಗ್ನಲ್ಲಿನಲ್ಲಿ ನಾಲ್ಕನೇ ಸಲ ನಿಂತಿತು. ಬೀಗದಕೈ ತಿರುಗಿಸಿದರೆ 'ಟಿಕ್' ಎಂದು ಒಂದು ಸದ್ದು, ಅಷ್ಟೇ. ಬ್ಯಾಟರಿ ಮುಗಿದಿತ್ತು.

ಇಬ್ಬರು ದಾರಿಹೋಕರು ಗಾಡಿಯನ್ನು ಬದಿಗೆ ತಳ್ಳಿಕೊಟ್ಟರು. ಸರ್ವೋತ್ತಮ ಬಾನೆಟ್ ಎತ್ತಿ, ಜತೆಗೇ ತಂದಿದ್ದ ಬಿಸ್ಕತ್ತಿನ ಡಬ್ಬ ತೆಗೆದ.

"ಇದೆಲ್ಲ ಬೇಡ. ರಿಕ್ಷಾ ಮಾಡಿ," ಅಂದಳು ಜಯಲತಾ.

"ಎರಡು ನಿಮಿಷ."

ಮೊದಲು ಪೆಟ್ರೋಲ್. ಪೈಪ್ ಕಳಚಿ, ಕೈಯಿಂದ ಪಂಪ್ ಒತ್ತಿ ನೋಡಿದ. ಪೆಟ್ರೋಲ್ ಬರುತ್ತಿತ್ತು. ಫಿಲ್ಟರ್ ಬಿಚ್ಚಿ ಬಾಯಿಟ್ಟು ಊದಿದ. ಸ್ವಚ್ಛವಾಗಿತ್ತು. ಪೈಪ್ ಮತ್ತೆ ಜೋಡಿಸಿ ಕ್ಲಿಪ್ ಬಿಗಿ ಮಾಡಿದ. ಎಂಟು ನಲವತ್ತೇಳು.

ಅಷ್ಟರಲ್ಲಿ ಜಯಲತಾ ರಸ್ತೆಗೆ ಇಳಿದು ಕೈ ಅಡ್ಡ ಹಾಕಿ ಖಾಲಿ ರಿಕ್ಷಾವೊಂದನ್ನು ನಿಲ್ಲಿಸಿದ್ದಳು. ರಿಕ್ಷಾದವನು ಹಿಂದಿನ ಸೀಟಿನ ಪ್ಲಾಸ್ಟರ್ ನೋಡಿ, "ಉಚಲೂನ್ ಘ್ಯಾ, ಲವಕರ್," ಅಂದ. ಬೇಗ ಎತ್ತಿಕೊಂಡು ಬರಬೇಕಂತೆ; ಎತ್ತಲು ಇಬ್ಬರು ಬೇಕು.

"ಬನ್ನಿ ಇವ್ರೇ, ಹಿಡಿಯಿರಿ!"

"ಬಂದೆ. ಪ್ಲಗ್ ಒಂದು ನೋಡ್ತೇನೆ. ಕರೆಂಟೇ ಇದು, ನನಗೆ ಗೊತ್ತಾಯ್ತು."

"ಪಪ್ಪಾ, ಛೋಡೋ ನಾ," ಸೌಜನ್ಯ ಬಾಗಿಲಿಗೆ ಕೈಯೂರಿ ಏಳಲು ನೋಡುತ್ತಿದ್ದಳು. "ಟೈಮ್ ದೇಖೋ ಪ್ಲೀಸ್."

"ಕೂತ್ಕೋ ಮಗಾ. ಕಾಲು ತಾಗ್ತದೆ. ಸಿಕ್ಕಿತು, ಸಿಕ್ಕಿತು."

ಅವನು ಒಂದು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಿದ್ದ. ಅರ್ಧಕ್ಕೆ ಬಿಟ್ಟು ಹೋದರೆ ಗಾಡಿ ನಡುರಸ್ತೆಯಲ್ಲಿ ಹೊಟ್ಟೆ ತೆರೆದುಕೊಂಡು ನಿಲ್ಲುತ್ತದೆ. ಅವನಿಗೆ ಅದು ಆಗುವುದಿಲ್ಲ. ರಿಕ್ಷಾದವನು ಒಂದು ನಿಮಿಷ ಕಾದ. ಬಸ್ ಸ್ಟಾಪಿನ ಕಡೆಯಿಂದ ಓಡಿಬಂದ ಇಬ್ಬರು ಹತ್ತಿ ಕೂತರು. ರಿಕ್ಷಾ ಹೋಯಿತು.

ಜಯಲತಾ ಅದು ಹೋದ ದಿಕ್ಕನ್ನೇ ನೋಡಿದಳು. ಆಮೇಲೆ ಬಂದ ರಿಕ್ಷಾಗಳು ತುಂಬಿದ್ದವು. ಒಬ್ಬ ನಿಲ್ಲಿಸಿ, ವಾಶಿ ಅಂದ ಕೂಡಲೇ ತಲೆ ಅಲ್ಲಾಡಿಸಿ ಹೋದ.

ಮೂರೂ ಪ್ಲಗ್ಗುಗಳನ್ನು ಬಿಚ್ಚಿ, ಮರಳುಕಾಗದದಿಂದ ತಿಕ್ಕಿ, ಮತ್ತೆ ಹಾಕಿದ. ಚಹಾದ ಗಾಡಿಯ ಹತ್ತಿರ ನಿಂತಿದ್ದ ನಾಲ್ವರನ್ನು ಕರೆದು ತಳ್ಳಿಸಿದ. ಎಂಜಿನ್ ಹತ್ತಿತು. ಆಕ್ಸಿಲರೇಟರಿನಿಂದ ಕಾಲು ತೆಗೆದ. ನಿಂತಿತು. ಒಂಬತ್ತು ಗಂಟೆ ಮೂರು ನಿಮಿಷ.

"ನಿಮ್ಮ ಕರೆಂಟ್ ಎಲ್ಲಿ ಹೋಯ್ತು ಈಗ?" ಅಂದಳು ಜಯಲತಾ.

ಉಳಿದದ್ದು ಗಾಳಿ. ಕಾರ್ಬ್ಯುರೇಟರಿನ ಮೇಲಿನ ಗಾಳಿಯ ಡಬ್ಬ ಎತ್ತಿದ. ಕೇಬಲ್ ಬಂದು ಸೇರುವ ತುದಿಯನ್ನು ಬೆರಳಿನಿಂದ ಎಳೆದು ಬಿಟ್ಟ. ಚಕ್ಕನೆ ಹಿಂದಕ್ಕೆ ಹೋಯಿತು, ಎಲ್ಲೂ ಹಿಡಿಯಲಿಲ್ಲ. ಬೆರಳು ಜಿಡ್ಡಾಗಿತ್ತು. ಎಂಜಿನ್ನಿನ ಕಾವಿಗೆ ಬಿಸಿಯಾಗಿದ್ದ ಆ ಜಿಡ್ಡಿನಿಂದ ಸೌಜನ್ಯಳ ಜಡೆಯ ವಾಸನೆ ಬಂತು.

ಅವನು ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ನಿಂತ. ಬಿಸಿನೀರಿನ ಪಾತ್ರೆಯಲ್ಲಿ ನಿಂತ ಬಾಟಲಿ ನೆನಪಾಯಿತು. ಬೆಳಿಗ್ಗೆ ಕೇಬಲಿನೊಳಗೆ ಎಣ್ಣೆ ಗಟ್ಟಿಯಾಗಿ ತಂತಿಯನ್ನು ಹಿಡಿದಿಡುತ್ತಿತ್ತು, ಅದಕ್ಕೇ ಎಂಜಿನ್ ಕಿರುಚುತ್ತಿತ್ತು. ಸ್ಕ್ರೂವಿನಲ್ಲಿ ತಪ್ಪೇ ಇರಲಿಲ್ಲ. ಸರಿಯಿದ್ದ ಸ್ಕ್ರೂವನ್ನು ಅವನು ಮೂರು ದಿನ ಸಡಿಲಿಸಿದ್ದ. ಈಗ ಎಣ್ಣೆ ಕರಗಿ ತಂತಿ ಪೂರ್ತಿ ಹಿಂದಕ್ಕೆ ಬರುತ್ತಿದೆ, ತಡೆದು ಹಿಡಿಯಬೇಕಾದ ಸ್ಕ್ರೂ ಸಡಿಲ, ಎಂಜಿನ್ನಿಗೆ ಉಸಿರಾಡಲು ಜಾಗ ಇಲ್ಲ. ಒಂದೂವರೆ ಸುತ್ತು.

ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಮೂರನೇ ಸಲ ಕೂತಿತು. ಒಂದೂವರೆ ಸುತ್ತು ಬಿಗಿ ಮಾಡಿದ. ಚಹಾದ ಗಾಡಿಯವರು ಇನ್ನೊಮ್ಮೆ ತಳ್ಳಿದರು. ಎಂಜಿನ್ ಹತ್ತಿತು. ಕಾಲು ತೆಗೆದ. ನಿಲ್ಲಲಿಲ್ಲ. ಒಂಬತ್ತು ಹದಿನಾಲ್ಕು.

"ಆಯ್ತು!" ಅಂದ ಸರ್ವೋತ್ತಮ. ಜಯಲತಾ ಓಡಿಬಂದು ಹತ್ತಿ ಬಾಗಿಲು ಎಳೆದುಕೊಂಡಳು.

ಘಣಸೋಲಿ, ಕೋಪರ್‌ಖೈರಣೆ. ಅವನು ಎಂದೂ ಇಷ್ಟು ಜೋರಾಗಿ ಓಡಿಸಿದವನಲ್ಲ. ಒಂದು ಸಿಗ್ನಲ್ ಕೆಂಪಿದ್ದಾಗಲೇ ದಾಟಿದ. ಇನ್ನೊಂದರಲ್ಲಿ ಅಡ್ಡ ಬಸ್ಸು ಬಂದು ನಿಲ್ಲಲೇಬೇಕಾಯಿತು. ಎಂಜಿನ್ ಸಣ್ಣ ಸ್ವರದಲ್ಲಿ ಒಂದೇ ಸಮ ಓಡುತ್ತಿತ್ತು. ಹಿಂದೆ ಸೌಜನ್ಯ ಹಾಲ್ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಒಂಬತ್ತೂವರೆ ಆದಾಗ ಅವರು ಕೋಪರ್‌ಖೈರಣೆಯ ಮಾರುಕಟ್ಟೆಯ ಹತ್ತಿರ ಇದ್ದರು.

"ಐದು ಹತ್ತು ನಿಮಿಷ ಬಿಡ್ತಾರೆ," ಅಂದ ಸರ್ವೋತ್ತಮ. "ಕಾಲು ನೋಡಿದ್ರೆ ಬಿಡ್ತಾರೆ."

ಒಂಬತ್ತು ಮೂವತ್ತೇಳಕ್ಕೆ ತಲುಪಿದಾಗ ಶಾಲೆಯ ಗೇಟು ಮುಚ್ಚಿತ್ತು. ಹೊರಗೆ ಮೂವರು ಹುಡುಗರು ಕೈಯಲ್ಲಿ ಹಾಲ್ ಟಿಕೆಟ್ ಹಿಡಿದು ಕಾವಲುಗಾರನ ಜತೆ ವಾದಿಸುತ್ತಿದ್ದರು. ಸರ್ವೋತ್ತಮ ಅವರ ನಡುವೆ ನುಗ್ಗಿ, ಕಾರಿನ ಕಡೆ ಬೆರಳು ಮಾಡಿ, ಮಗಳ ಕಾಲು ತೋರಿಸಿದ. ಕಾವಲುಗಾರ ಬಗ್ಗಿ ನೋಡಿದ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದ.

"ಪೇಪರ್ ವಾಟಲೇ, ಕಾಕಾ. ಸಾಡೆನವ್ ಮ್ಹಣಜೆ ಸಾಡೆನವ್."

ಪೇಪರ್ ಹಂಚಿಯಾಗಿತ್ತು. ಒಂಬತ್ತೂವರೆ ಅಂದರೆ ಒಂಬತ್ತೂವರೆ.

ಸರ್ವೋತ್ತಮ ಕಾರಿಗೆ ಬಂದು ಕೂತ. ಎಂಜಿನ್ ಬಂದ್ ಮಾಡಿರಲಿಲ್ಲ, ಮಾಡಿದರೆ ಮತ್ತೆ ತಳ್ಳಬೇಕಿತ್ತು. ಅದು ಹದವಾಗಿ ಓಡುತ್ತಲೇ ಇತ್ತು.

"ಏನಾಗಿತ್ತು ಅದಕ್ಕೆ?" ಕೇಳಿದಳು ಸೌಜನ್ಯ. ಕನ್ನಡದಲ್ಲಿ ಕೇಳಿದಳು. ಅಪ್ಪನ ಜತೆ ಅವಳು ಕನ್ನಡ ಆಡುವುದು ಕಡಿಮೆ.

"ಕೇಬಲ್ ಸ್ವಲ್ಪ..." ಅವನು ಕೈಯನ್ನು ಪ್ಯಾಂಟಿಗೆ ಒರಸಿಕೊಂಡ.

ಜಯಲತಾ ಮೂಗು ಅರಳಿಸಿದಳು. "ಕೈಯಲ್ಲಿ ಎಂಥದ್ದು? ತೆಂಗಿನೆಣ್ಣೆ ವಾಸನೆ."

"ಗ್ರೀಸ್," ಅಂದ ಸರ್ವೋತ್ತಮ.

ಅವಳು ಅವನ ಮುಖ ನೋಡಿದಳು. ಕಿಟಕಿಯ ಗಾಜು ಇಳಿಸಿ ಹೊರಗೆ ತಿರುಗಿದಳು.

ಏರೋಳಿಯಲ್ಲಿ ಹೋದದ್ದು ಮೂವತ್ತೆಂಟು ನಿಮಿಷ. ಗೇಟಿಗೆ ತಡವಾದದ್ದು ಏಳು ನಿಮಿಷ. ರಿಕ್ಷಾ ಎರಡು, ಬೇಡ ಅಂದದ್ದೊಂದು, ಕಾದು ಹೋದದ್ದೊಂದು. ಪರೀಕ್ಷೆ ಒಂದು, ಕೊನೆಯದು.