ಬೈರಯ್ಯನ ದುಂಡಕ್ಷರ

ಪೆನ್ನು ಬೆರಳಲ್ಲಿ ನಿಲ್ಲಲೊಲ್ಲದು. ಚಿಕ್ಕಮುನಿಯಪ್ಪ ಅದನ್ನು ಸತ್ತ ಅಣ್ಣ ಬೈರಯ್ಯನ ಬಲಗೈಗೆ ದಾರದಿಂದ ಸುತ್ತಿ ಸುತ್ತಿ ಕಟ್ಟಿದ. ಹೋದವರ ಇಷ್ಟದ ವಸ್ತು ಗುಣಿಗೆ ಜೊತೆಯಾಗಿ ಹೋಗಬೇಕಲ್ಲ!

"ಸರಸ್ವತಿ ಕುಂತಿದ್ಲು ಕಣ್ರಪ್ಪಾ ಈ ಕೈಯಾಗೆ!" ಎಂದ.

ಬೈರಯ್ಯನ ಅಕ್ಷರವೆಂದರೆ ಸಾಮಾನ್ಯವೇ? ಕೇತಮಾರನಹಳ್ಳಿಯಲ್ಲಿರಲಿ, ಮೈಸೂರು ಸೀಮೆಯಲ್ಲೇ ಅಂಥದು ಇನ್ನೊಂದಿರಲಿಲ್ಲ. ಅದರ ಅಂದಕ್ಕೆ ಮರುಳಾಗಿ ಕೊಲೆಗಾರರು ತಪ್ಪೊಪ್ಪಿಕೊಳ್ಳುತ್ತಿದ್ದರು. ಜಡ್ಜರು ತೀರ್ಪು ಮರೆತು ಒತ್ತಕ್ಷರಗಳನ್ನೇ ಸವರುತ್ತ ಕೂರುತ್ತಿದ್ದರು. ವಕೀಲರ ಗುಮಾಸ್ತ ಪದ್ಮನಾಭ, ಕೋರ್ಟಿನಲ್ಲಿ ಅವಸರಕ್ಕೆ ಗೀಚಿಕೊಂಡ ಸಾಕ್ಷಿಗಳ ಹೇಳಿಕೆಗಳನ್ನು ಸೈಕಲ್ಲಿನಲ್ಲಿ ತಂದುಕೊಡುವುದು, ಬೈರಯ್ಯ ಮನೆಯಲ್ಲೇ ಕೂತು ಶುದ್ಧಪ್ರತಿ ಮಾಡುವುದು. ಆ ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ.

ಹೆಂಡತಿ ನರಸಮ್ಮ ಹೆಣ ನೋಡುತ್ತಿರಲಿಲ್ಲ, ಪೆನ್ನು ನೋಡುತ್ತಿದ್ದಳು.

*

ಹಿಂದೊಮ್ಮೆ ಬೈರಯ್ಯನ ಆ ಕೈ ಇದ್ದಕ್ಕಿದ್ದಂತೆ ನಡುಗತೊಡಗಿ ಮಸಿ ಸೂರಿನವರೆಗೂ ಚಿಮ್ಮಿತ್ತು.

"ಗುಮಾಸ್ತರಿಗೆ ಗೊತ್ತಾದ್ರೆ ಉಪವಾಸ ಕಣೇ," ಎಂದು ಬೈರಯ್ಯ ಅತ್ತ.

ನರಸಮ್ಮ ಬಾಗಿಲಿಗೆ ಅಗುಳಿ ಹಾಕಿ, ಅವನ ಹಳೆಯ ಹಾಳೆಗಳ ಮೇಲೆ ತಿದ್ದಿ ತಿದ್ದಿ, ಆ ಅಕ್ಷರವನ್ನೇ ತನ್ನದಾಗಿಸಿಕೊಂಡಳು. ಅಂದಿನಿಂದ ಅವನು ಓದುವುದು, ಅವಳು ಬರೆಯುವುದು.

"ನಾನು ಸತ್ರೂ ಯಾರ್ಗೂ ಹೇಳ್ಬೇಡ."

"ಹೇಳಾಕಿಲ್ಲ ಬಿಡಿ."

*

ಪದ್ಮನಾಭ ಹೆಣಕ್ಕೆ ಹಾರ ಹಾಕಿ, ಗೂಡಿನಲ್ಲಿದ್ದ ಕಾಗದದ ಕಟ್ಟನ್ನು ಕಂಕುಳಿಗೆ ಸೇರಿಸಿದ. "ತಪ್ಪು ತಿಳ್ಕೋಬೇಡಿ ತಾಯಿ. ಇನ್ಮೇಲೆ ಟೈಪಿಂಗಿಗೇ ಕೊಡ್ತೀವಿ. ಇಂಥ ಅಕ್ಷರ ಇನ್ಯಾರು ಬರೀತಾರೆ?"

"ನಾನು," ಎಂದಳು ನರಸಮ್ಮ.

ಮನೆ ತುಂಬಿದ್ದ ಅಳು ಗಕ್ಕನೆ ನಿಂತಿತು.

"ನಾನೇ ಬರೀತಿದ್ದೆ ಸ್ವಾಮಿ. ಪೆನ್ನು ಬಿಚ್ಕೊಡಿ, ಒಂದು ಸಾಲು ತೋರಿಸ್ತೀನಿ."

"ಅತ್ತಿಗೆಗೆ ತಲೆ ಕೆಟ್ಟೈತೆ," ಎಂದ ಚಿಕ್ಕಮುನಿಯಪ್ಪ. "ಹೆಣಕ್ಕೆ ಕೊಟ್ಟಿದ್ದು ಕಿತ್ಕೊಂತಾರಾ? ಎತ್ರಪ್ಪಾ!"

"ನಿಮ್ಮ ಪೆನ್ನಾದ್ರೂ ಕೊಡಿ ಸ್ವಾಮಿ!"

ಸೂತಕದವಳ ಕೈಗೆ ಪೆನ್ನೇ? ಪದ್ಮನಾಭ ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು, ಕಣ್ಣೊರೆಸುತ್ತ ಸೈಕಲ್ಲಿನತ್ತ ನಡೆದ. ಚಟ್ಟ ಹೊಸಿಲು ದಾಟಿತು.

ಹಿಂದೆ ನುಗ್ಗಿದ ನರಸಮ್ಮನನ್ನು ಪಕ್ಕದ ಮನೆಯ ಹನುಮಕ್ಕ ತಬ್ಬಿ ಹಿಡಿದಳು. ನರಸಮ್ಮ ಅವಳ ಮುಂಗೈ ಮೇಲೆ ಉಗುರಿನಿಂದ ಬರೆಯತೊಡಗಿದಳು. ದುಂಡಗೆ, ಒತ್ತು ತಪ್ಪದೆ, ಒಂದು ಪೂರ್ತಿ ಸಾಲು. ಬಿಳಿ ಗೆರೆಗಳು ಮೂಡಿ ಕೆಂಪಾದವು.

ಹನುಮಕ್ಕನಿಗೆ ಓದಲು ಬಾರದು.

"ಪಾಪ, ಸಂಕಟಕ್ಕೆ ಪರಚ್ತಾವ್ಳೆ," ಎನ್ನುತ್ತ ಆ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಮಡಿಸಿ ಬಿಗಿಯಾಗಿ ಹಿಡಿದುಕೊಂಡಳು.