ಅಂಬುಜಾಕ್ಷಮ್ಮನವರ ಒಂದೇ ಸಾಲು

ಕಂಪ್ಯೂಟರ್ ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಒಂದು ಸಾಲು: ಬಾಣ, ಸುರುಳಿ, ಚುಕ್ಕೆ, ಅಡ್ಡಗೆರೆ. ನಮ್ಮೂರಿನ ನಲವತ್ತು ಬೀದಿಗಳಿಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತಿತ್ತು. ಆ ಕಂಪ್ಯೂಟರ್ ಭಾಷೆಯೇ ಹಾಗೆ. ಒಂದು ಚಿಹ್ನೆ ಅಂಕಿಗಳ ಇಡೀ ಪಟ್ಟಿಯನ್ನು ಒಂದೇ ಏಟಿಗೆ ಕೂಡಿಸುತ್ತದೆ, ಇನ್ನೊಂದು ತಿರುಗಿಸುತ್ತದೆ. ಬರೆದವರು ನೀರು ಸರಬರಾಜು ಕಚೇರಿಯ ಅಂಬುಜಾಕ್ಷಮ್ಮ. ನಾನು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ.

"ಇದನ್ನ ಬಿಡಿ ಬಿಡಿಯಾಗಿ ಬರೆಯೋಣ ಮೇಡಂ, ಒಂದೊಂದು ತುಂಡಿಗೂ ಹೆಸರಿಟ್ಟು" ಎಂದು ಎಷ್ಟು ಸಲ ಬೇಡಿದ್ದೆನೋ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

"ಒಡೆದ್ರೆ ಸೊಗಸೆಲ್ಲ ಹೋಗುತ್ತೆ ಕಣೇ. ಕಲಿ, ಬರುತ್ತೆ."

ಆ ಬೇಸಿಗೆಯಲ್ಲಿ ಊರಿಗೆ ಹೊಸ ನೀರಿನ ಟ್ಯಾಂಕ್ ಬಂತು. ಸೋಮವಾರದೊಳಗೆ ಅದರ ನೀರನ್ನೂ ಲೆಕ್ಕಕ್ಕೆ ಸೇರಿಸಿ ಸಾಲನ್ನು ತಿದ್ದಬೇಕಿತ್ತು. ಅಂಬುಜಾಕ್ಷಮ್ಮ "ನೋಡಿಲ್ಲಿ" ಎಂದು ಪರದೆಯ ಮೇಲೆ ಬೆರಳಾಡಿಸುತ್ತ ಒಂದೊಂದೇ ಚಿಹ್ನೆಯನ್ನು ವಿವರಿಸತೊಡಗಿದರು. ಪರದೆಯ ಮೇಲಿದ್ದದ್ದು ಸಿಬ್ಬಂದಿಯ ರಜೆಯ ಪಟ್ಟಿ.

"ಮೇಡಂ, ಇದು..." ಎಂದೆ. ಅವರ ಬೆರಳು ನಿಂತಿತು.

"ಬೇರೇನೋ ಇದೆಯಾ ಅಲ್ಲಿ?"

"ಹೂಂ ಮೇಡಂ."

"ವರ್ಷದಿಂದ ಕಣ್ಣಿಗೆ ಬರೀ ಮಂಜು. ಈಗ ಅದೂ ಇಲ್ಲ. ಯಾರಿಗೂ ಹೇಳ್ಬೇಡ ಕಣೇ, ಮನೆಗೆ ಕಳಿಸಿಬಿಡ್ತಾರೆ. ಈ ಕೆಲಸ ಬಿಟ್ರೆ ನನಗಿನ್ನೇನಿದೆ?"

ಅವರ ಕೈ ಹಿಡಿದುಕೊಂಡೆ. "ನಾನು ಓದ್ತೀನಿ, ನೀವು ಕೇಳಿ. ಆದ್ರೆ ಈ ಸಾಲನ್ನ ಬಾಯಲ್ಲಿ ಓದೋಕಾಗಲ್ಲ ಮೇಡಂ."

"ಸರಿ, ಒಡಿ. ಹೆಸರು ಮಾತ್ರ ನಾನಿಡ್ತೀನಿ."

ಎರಡು ದಿನದಲ್ಲಿ ಸಾಲು ಹನ್ನೊಂದು ತುಂಡಾಯಿತು. 'ಟ್ಯಾಂಕಿನಲ್ಲೆಷ್ಟು', 'ಬೀದಿಗೆಷ್ಟು', 'ಯಾರ ಸರದಿ' ಎಂದೆಲ್ಲ ಹೆಸರಿಟ್ಟರು. "ಪ್ರತಿ ತುಂಡೂ ತನಗೆ ಕೊಟ್ಟ ಅಂಕಿಗಳನ್ನಷ್ಟೇ ಮುಟ್ಟಬೇಕು. ಒಬ್ಬರ ಅಡುಗೆಮನೇಲಿ ಇನ್ನೊಬ್ಬರು ಕೈಯಾಡಿಸಬಾರದು" ಎಂದು ನಾನು ಹೇಳುತ್ತ ಬಂದದ್ದನ್ನೇ ನನಗೆ ಪಾಠ ಮಾಡಿದರು. ನಾನು ನಗು ತಡೆದುಕೊಂಡು ತಲೆಯಾಡಿಸಿದೆ. ಅದು ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ "ಹೂಂ" ಎಂದೆ.

ಆಮೇಲೆ ಒಂದೊಂದನ್ನೇ ಓದಿದೆ. ಏಳನೆಯದಕ್ಕೆ ಅವರು ಕೈಯೆತ್ತಿದರು.

"ಇನ್ನೊಂದ್ಸಲ ಓದು."

ಓದಿದೆ.

"ಸರದಿ ತಿರುಗಿಸೋಕೆ ಮುಂಚೇನೇ ಪಟ್ಟಿಯ ಕೊನೆ ಕತ್ತರಿಸ್ತಿದೆ. ಉಲ್ಟಾ ಆಗಿದೆ ಕಣೇ! ಪಟ್ಟಿಯ ಕೊನೇಲಿರೋ ದಿಬ್ಬದ ಬೀದಿಗೆ ವಾರಕ್ಕೊಂದು ಸರದಿ ತಪ್ಪಿಹೋಗ್ತಿದೆ."

ಈ ಸಾಲು ಬಂದ ಹದಿನಾಲ್ಕು ವರ್ಷದಿಂದ ಆ ಬೀದಿಯವರು ನೀರು ಸಾಲದೆಂದು ಅರ್ಜಿ ಕೊಡುತ್ತಿದ್ದರು. ಎತ್ತರದ ಜಾಗ, ಒತ್ತಡ ಸಾಲದು ಎಂದು ನಮ್ಮ ಕಚೇರಿಯೇ ಉತ್ತರ ಬರೆಯುತ್ತಿತ್ತು.

ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ಹಾಗೇ ಮಾಡೋಣವೆಂದು ನಾನು ಹೇಳಿಯೂಬಿಟ್ಟೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಒಪ್ಪಲಿಲ್ಲ. ಸೋಮವಾರ ಎಂಜಿನಿಯರ್ ಎದುರು ನಿಂತು ತಪ್ಪನ್ನೂ ಹೇಳಿದರು, ಕಣ್ಣಿನ ವಿಷಯವನ್ನೂ ಹೇಳಿದರು. ಎಂಜಿನಿಯರ್ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡು, "ಓದೋಕೆ ಈ ಹುಡುಗಿ ಇದ್ದಾಳಲ್ಲ ಅಂಬುಜಾಕ್ಷಮ್ಮ. ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ" ಎಂದರು.

ಅಂಬುಜಾಕ್ಷಮ್ಮ ಕೂರಲಿಲ್ಲ. ನನ್ನ ಭುಜ ಹಿಡಿದು ದಿಬ್ಬದ ಬೀದಿಗೆ ನಡೆದರು. ತಿದ್ದಿದ ಸಾಲಿನಂತೆ ಅಂದು ಅಲ್ಲಿಗೆ ನೀರು ಬಿಡುವ ಸರದಿ. ಬೀದಿಯ ಕೊನೆಯ ನಲ್ಲಿಯ ಮುಂದೆ ಕೊಡ ಹಿಡಿದ ಹೆಂಗಸರು ಕಾಯುತ್ತಿದ್ದರು. ಅಂಬುಜಾಕ್ಷಮ್ಮ ಆ ಹೆಂಗಸರ ನಡುವೆ ಕುಕ್ಕರುಗಾಲಲ್ಲಿ ಕೂತು ನಲ್ಲಿಯ ಕೆಳಗೆ ಅಂಗೈ ಒಡ್ಡಿದರು. ಮೊದಲು ಗಾಳಿ ಬಂತು, ಆಮೇಲೆ ನೀರು. ಅಂಗೈ ತುಂಬಿ, ಬಳೆ ತೋಯ್ದು, ಸೆರಗೆಲ್ಲ ಒದ್ದೆಯಾದರೂ ಅವರು ಕೈ ತೆಗೆಯಲಿಲ್ಲ.